ತಗಡು ಬಗ್ಗಿದಾಗ ಕಂಸದ ಉದ್ದ: ಮನೆಯಲ್ಲಿ ಕಟ್ಟುವ ವಿಮಾನದಿಂದ ಒಂದು ಪಾಠ

ಹತ್ತನೆಯ ತರಗತಿಯಲ್ಲಿ ಕಂಸದ ಉದ್ದ ಕಂಡುಹಿಡಿಯುವ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಮನೆಯಲ್ಲೇ ವಿಮಾನ ಕಟ್ಟುವವರ ಉದಾಹರಣೆಯನ್ನು ಆರಿಸಿಕೊಂಡಿದ್ದರು. ಪಾಠಯೋಜನೆಯ ಅಂಚಿನಲ್ಲಿ ‘ಮಕ್ಕಳ ಅನುಭವಕ್ಕೆ ದೂರ, ಗಡಿಯಾರದ ಮುಳ್ಳು ಸಾಕು’ ಎಂದು ಷರಾ ಬರೆದವನು ನಾನೇ. ಅವರು ಒಪ್ಪಲಿಲ್ಲ. ಪಾಠ ನೋಡಿದ ಮೇಲೆ ಆ ಷರಾವನ್ನು ನಾನೇ ಹೊಡೆದುಹಾಕಿದೆ.

ಅಮೆರಿಕದಲ್ಲಿ ಸಾಮಾನ್ಯ ನಾಗರಿಕರು ತಮ್ಮ ಕಾರ್ ಶೆಡ್ಡಿನಲ್ಲೇ ಸಣ್ಣ ವಿಮಾನ ಕಟ್ಟಿ, ತಪಾಸಣೆ ಮಾಡಿಸಿ ಹಾರಿಸಬಹುದು. ಹೀಗೆ ಕಟ್ಟುವವರ ಸಂಘ 1953ರಲ್ಲೇ ಆರಂಭವಾಗಿದೆ. ಅಲ್ಲಿನ ನಿಯಮದ ಷರತ್ತು ನಮ್ಮಂಥವರಿಗೆ ಕುತೂಹಲದ್ದು: ವಿಮಾನದ ಬಹುಪಾಲನ್ನು ಕಟ್ಟಿದವರು ಆ ಕೆಲಸಕ್ಕೆ ಕೈಹಾಕಿದ್ದು ಕೇವಲ ತಮ್ಮ ಶಿಕ್ಷಣ ಅಥವಾ ಮನರಂಜನೆಗಾಗಿ ಆಗಿರಬೇಕು. ಕ್ರಿಸ್ ಹೈಂಟ್ಸ್ ವಿನ್ಯಾಸಗೊಳಿಸಿದ ಜೆನಿತ್ ವಿಮಾನಗಳು ಈ ಬಗೆಯವು. ಅವುಗಳ ಮೈ 6061-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತಗಡು. ಕತ್ತರಿಸುವುದು, ಬಗ್ಗಿಸುವುದು, ರಂಧ್ರ ಕೊರೆದು ರಿವೆಟ್ ಹೊಡೆಯುವುದು, ಕೆಲಸದ ಹೆಚ್ಚಿನ ಪಾಲು ಇಷ್ಟೇ.

ತರಗತಿಗೆ ಬಂದ ಸಮಸ್ಯೆ ಹೀಗಿತ್ತು. 2 ಮಿ.ಮೀ. ದಪ್ಪದ ತಗಡಿನಿಂದ ‘ಎಲ್’ ಆಕಾರದ ಪಟ್ಟಿ ಬೇಕು. ಹೊರಗಿನಿಂದ ಅಳೆದರೆ ಎರಡು ಕಾಲೂ ತಲಾ 40 ಮಿ.ಮೀ. ಇರಬೇಕು. ಎಷ್ಟು ಉದ್ದದ ತುಂಡು ಕತ್ತರಿಸೋಣ? ಇಡೀ ತರಗತಿ 80 ಎಂದಿತು. ಹಿಂದಿನ ಬೆಂಚಿನಲ್ಲಿ ಕುಳಿತು ನಾನೂ ವೀಕ್ಷಣಾ ಪುಸ್ತಕದ ಮೂಲೆಯಲ್ಲಿ 80 ಎಂದೇ ಬರೆದುಕೊಂಡಿದ್ದೆ.

ಪ್ರಶಿಕ್ಷಣಾರ್ಥಿ ಹಿಂದಿನ ದಿನವೇ 80 ಮಿ.ಮೀ. ತುಂಡೊಂದನ್ನು, ಅಂಚು ದುಂಡಗೆ ಮಾಡಿದ ಮರದ ತುಂಡಿನ ಮೇಲೆ ಇಟ್ಟು ಕೊಡತಿಯಿಂದ ತಟ್ಟಿ ಬಗ್ಗಿಸಿ ತಂದಿದ್ದರು. ಮಕ್ಕಳು ಅಳೆದರು. ಎರಡೂ ಕಾಲು 42.5! ತಗಡು ಬೆಳೆಯಿತೇ?

ಆಗ ಅವರು ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ತೆಗೆದರು. ಅದರ ಬದಿಯಲ್ಲಿ ಸಮಾನ ಅಂತರದ ಅಡ್ಡಗೆರೆಗಳನ್ನು ಎಳೆದಿದ್ದರು. ಬಗ್ಗಿಸಿದಾಗ ಹೊರಮೈಯಲ್ಲಿ ಗೆರೆಗಳು ದೂರ ಸರಿದವು, ಒಳಮೈಯಲ್ಲಿ ಒತ್ತೊತ್ತಾದವು, ನಡುವೆ ಮಾತ್ರ ಅಂತರ ಬದಲಾಗಲಿಲ್ಲ. ಹಿಗ್ಗದ, ಕುಗ್ಗದ ಆ ನಡುಗೆರೆಯ ಉದ್ದವೇ ಕತ್ತರಿಸಬೇಕಾದ ಉದ್ದ. ಇದನ್ನು ಒಬ್ಬ ಹುಡುಗಿಯೇ ಹೇಳಿದಳು. ಪಾಠದ ಜೀವ ಇಲ್ಲಿದೆ. ಸೂತ್ರವನ್ನು ಮೊದಲೇ ಕಪ್ಪುಹಲಗೆಗೆ ಏರಿಸಿದ್ದರೆ ಈ ಮಾತು ಬರುತ್ತಿರಲಿಲ್ಲ.

ಉಳಿದದ್ದು ಲೆಕ್ಕ. ಬಾಗಿನ ಒಳತ್ರಿಜ್ಯ 6 ಮಿ.ಮೀ.; ದಪ್ಪದ ಅರ್ಧ 1 ಸೇರಿದರೆ ನಡುಗೆರೆಯ ತ್ರಿಜ್ಯ 7. ಬಾಗು 90 ಡಿಗ್ರಿ, ಅಂದರೆ ಪರಿಧಿಯ ಕಾಲುಭಾಗ: 44 ಮಿ.ಮೀ.ಯಲ್ಲಿ 11. ಪ್ರತಿ ಕಾಲಿನ ನೇರ ಭಾಗ 40ರಿಂದ 8 ಕಳೆದು 32. ಒಟ್ಟು 32+11+32 = 75. (ವಿಮಾನ ಕಟ್ಟುವವರ ಲೆಕ್ಕದಲ್ಲಿ ಆ ಗೆರೆ ನಡುವಿಗಿಂತ ತುಸು ಒಳಕ್ಕಿರುತ್ತದೆ, 11ರ ಬದಲು ಸುಮಾರು 10.8 ಬರುತ್ತದೆ. ಈ ತರಗತಿಗೆ ಅದು ಬೇಡ.)

‘ಹೆಚ್ಚಾದದ್ದನ್ನು ಅರದಿಂದ ಉಜ್ಜಿದರಾಯಿತಲ್ಲ, ಸರ್?’ ಎಂದು ಒಬ್ಬ ಕೇಳಿದ. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡವರಿಸಿ, ಪಟ್ಟಿಯಲ್ಲಿ ಮೊದಲೇ ಕೊರೆದಿದ್ದ ರಿವೆಟ್ ರಂಧ್ರವನ್ನು ತೋರಿಸಿದರು. ಅಂಚನ್ನು ಉಜ್ಜಬಹುದು, ರಂಧ್ರವನ್ನು ಸರಿಸಲಾಗದು. ಅದೂ 2.5 ಮಿ.ಮೀ. ಆಚೆ ಹೋಗಿದೆ. ರಂಧ್ರದ ವ್ಯಾಸ 3.2, ಸರಿಯಾದ ಜಾಗದಲ್ಲಿ ಇನ್ನೊಂದು ಕೊರೆದರೆ ಎರಡೂ ಒಂದಕ್ಕೊಂದು ಸೇರಿ ಎಂಟರ ಆಕಾರದ ತೂತಾಗುತ್ತದೆ. ರಿವೆಟ್ ಅಲ್ಲಿ ಹಿಡಿಯುವುದಿಲ್ಲ. ತುಂಡು ಗುಜರಿಗೆ.

ಗಡಿಯಾರದ ಮುಳ್ಳಿನಲ್ಲಿ ಇದು ಸಿಗುತ್ತಿರಲಿಲ್ಲ. ಅಲ್ಲಿ ಉತ್ತರ ತಪ್ಪಾದರೆ ಶಿಕ್ಷಕರು ತಪ್ಪು ಎನ್ನಬೇಕು. ಇಲ್ಲಿ ತಗಡೇ ಹೇಳುತ್ತದೆ.

ಈ ಪಾಠ ಮಾಡುವವರಿಗೆ ಎರಡು ಮಾತು. ಬಾಗಿನ ಗೆರೆಯನ್ನು ಮೊಳೆಯಿಂದ ಗೀರಬೇಡಿ, ತೆಳು ಮಾರ್ಕರ್ ಬಳಸಿ. ವಿಮಾನದ ತಗಡಿನಲ್ಲಿ ಗೀರೇ ಮುಂದೆ ಬಿರುಕಿಗೆ ದಾರಿ. ಕತ್ತರಿಸಿದ ಅಂಚನ್ನು ನುಣುಪಾಗಿಸುವುದೂ ಅದಕ್ಕೇ. ಮಕ್ಕಳಿಗೆ ಶಾಂಪೂ ಪೊಟ್ಟಣ ಕೊಟ್ಟು, ಅಂಚಿನ ಸಣ್ಣ ಕಚ್ಚು ಇರುವಲ್ಲಿ ಒಮ್ಮೆ, ಇಲ್ಲದಲ್ಲಿ ಒಮ್ಮೆ ಹರಿಯಲು ಹೇಳಿದರೆ ವಿವರಣೆ ಬೇಕಾಗದು. ಇನ್ನೊಂದು, ಅಳತೆಗೆ ಸಮಯ ಬಿಡಿ. ನಮ್ಮ ಪ್ರಶಿಕ್ಷಣಾರ್ಥಿಗೆ ನಲವತ್ತು ನಿಮಿಷ ಸಾಲದೆ ಮೌಲ್ಯಮಾಪನದ ಪ್ರಶ್ನೆಗಳು ಉಳಿದವು. ಆ ಅಂಕಣದಲ್ಲಿ ಅಂಕ ಕಡಿಮೆ ಕೊಡಬೇಕೇ ಎಂದು ನಾನು ಯೋಚಿಸುತ್ತಿರುವಾಗ, ಬಿಡುವಿನ ಗಂಟೆ ಹೊಡೆದಿದ್ದರೂ ನಾಲ್ವರು ಹುಡುಗರು 60 ಡಿಗ್ರಿ ಬಾಗಿಗೆ ಎಷ್ಟು ಉದ್ದ ಬೇಕೆಂದು ಜಗಳವಾಡುತ್ತಿದ್ದರು.