ನೂರಕ್ಕೆ ಒಂದು ಏನು ಮಾಡಬಲ್ಲದು?

1913ರಲ್ಲಿ ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್ ಪುಷ್ಕಿನ್ ಕಾವ್ಯವೊಂದರ 20,000 ಅಕ್ಷರ ಎಣಿಸಿದರು. ಸ್ವರದ ಬೆನ್ನಿಗೆ ಸ್ವರ ಎಷ್ಟು ಸಲ? ವ್ಯಂಜನ ಎಷ್ಟು ಸಲ? ಈಗಿನ ಸ್ಥಿತಿಯಷ್ಟೇ ಮುಂದಿನ ಹೆಜ್ಜೆಯ ಸಾಧ್ಯತೆಯನ್ನು ತೀರ್ಮಾನಿಸುವ ಇಂಥ ಸರಣಿಯೇ ಮಾರ್ಕೋವ್ ಸರಪಳಿ.

ಇಂಥ ಒಂದು ಸರಪಳಿ ಊಹಿಸಿಕೊಳ್ಳಿ. ಪರದೆ ಮೇಲೆ ಎರಡೇ ಸ್ಥಿತಿ: ಕೆಂಪು, ನೀಲಿ. ಪ್ರತಿ ಹೆಜ್ಜೆಗೆ ಬಣ್ಣ ಬದಲಾಗುವ ಸಾಧ್ಯತೆ ಎರಡೂ ಕಡೆ ನೂರಕ್ಕೆ 50. ದೀರ್ಘಕಾಲದಲ್ಲಿ ಅರ್ಧ ಕೆಂಪು, ಅರ್ಧ ನೀಲಿ. ಕೆಂಪನ್ನು ಬಿಡುವ ಸಾಧ್ಯತೆ 51 ಮಾಡಿ. ಕೆಂಪಿನ ಪಾಲು ಸುಮಾರು 49.5. ಏನೂ ಆಗಲಿಲ್ಲ ಬಿಡಿ.

ಈಗ ಎರಡೂ ಕಡೆ ನೂರಕ್ಕೆ 1 ಇಡಿ. ಆಗಲೂ ಅರ್ಧರ್ಧವೇ! ಆದರೆ ಕೆಂಪನ್ನು ಬಿಡುವ ಆ 1ನ್ನು 2 ಮಾಡಿ ನೋಡಿ. ಕೆಂಪಿನ ಪಾಲು ಸೀದಾ 33ಕ್ಕೆ ಕುಸಿಯುತ್ತದೆ.

ಯಾಕೆ ಹೀಗೆ? ಮೊದಲು ಕೆಂಪಿನಲ್ಲಿ ಸರಾಸರಿ 100 ಹೆಜ್ಜೆ ನಿಲ್ಲುತ್ತಿದ್ದದ್ದು, ಈಗ ಬರೀ 50. ಅಪರೂಪಕ್ಕೆ ಸ್ಥಿತಿ ಬದಲಿಸುವ ಸರಪಳಿಗಳು ಹೀಗೇ, ಬಹಳ ಸೂಕ್ಷ್ಮ. ಈ ಏರುಪೇರನ್ನು ಲೆಕ್ಕಹಾಕುವ ಸೂತ್ರಗಳನ್ನು ಸಂಶೋಧಕ ಪಾಲ್ ಶ್ವೈಟ್ಜರ್ 1968ರಲ್ಲೇ ಕೊಟ್ಟರು.

ನೀವೂ ಇಂಥ ಮಾದರಿ ಕಟ್ಟುತ್ತಿದ್ದರೆ, ಅತಿ ಚಿಕ್ಕ ಸಾಧ್ಯತೆಗಳನ್ನೇ ಮೊದಲು ಇನ್ನೊಮ್ಮೆ ಪರೀಕ್ಷಿಸಿ.