ಲೋಟ ಹಾಲಿನ ಮುಂದೆ ಕೂತ ಮಗಳು

ಹಾಲಿನ ಮೇಲೆ ಕೆನೆ ಕಟ್ಟಿ ಸುಕ್ಕಾಗುವವರೆಗೂ ನನ್ನ ಮಗಳು ಸ್ಟೀಲ್ ಲೋಟದ ಮುಂದೆ ಕೂತಿರುತ್ತಿದ್ದಳು. "ಹೊಟ್ಟೆ ನೋಯುತ್ತೆ ಅಮ್ಮಾ" ಅಂದರೆ, "ಸ್ಕೂಲು ತಪ್ಪಿಸೋಕೆ ನೆಪ ಹೇಳಬೇಡ, ಕುಡಿಯೇ" ಎಂದು ಗದರಿಸುತ್ತಿದ್ದೆ. ಎರಡನೇ ಪೀರಿಯಡ್ಡಿನ ಹೊತ್ತಿಗೆ ಅವಳು ಹೊಟ್ಟೆ ಹಿಡಿದುಕೊಂಡು ಹೊರಗೋಡುತ್ತಾಳೆ ಎಂದು ಅವಳ ಗೆಳತಿಯಿಂದ ತಿಳಿಯಿತು. ಅದನ್ನು ನೆನೆದರೆ ಇವತ್ತಿಗೂ ಕರುಳು ಚುರುಕ್ಕೆನ್ನುತ್ತದೆ.

ಎರಡು ವಾರ ಹಾಲು ನಿಲ್ಲಿಸಿ ನೋಡಿ ಎಂದರು ಡಾಕ್ಟರು. ನೋವು ನಿಂತಿತು.

ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎದೆಹಾಲು ಕುಡಿಯುವ ಕೂಸುಗಳ ಸಣ್ಣ ಕರುಳಿನಲ್ಲಿ ಧಾರಾಳವಾಗಿರುತ್ತದೆ. ಬೆಳೆದಂತೆ ಹೆಚ್ಚಿನವರಲ್ಲಿ ಅದು ಇಳಿಯುತ್ತದೆ. ಆಗ ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಹುಳಿತು, ಗ್ಯಾಸು, ಉಬ್ಬರ, ಭೇದಿ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಯುರೋಪಿನವರಲ್ಲಿ ಎರಡನೇ ಕ್ರೋಮೋಸೋಮಿನ ಡಿಎನ್ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ ಎಂಬುದನ್ನು 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ತೋರಿಸಿದರು. ಅದೇ ಬದಲಾವಣೆ ನಮ್ಮ ದೇಶದಲ್ಲೂ ಇದೆ. ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ನನ್ನ ಮಗಳಿಗೆ ಇಬ್ಬರಿಂದಲೂ ಬಂದಿರಲಿಕ್ಕಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ನಂಗೂ ಆಗ್ತಿರ್ಲಿಲ್ಲ ಕಣೇ, ಹೇಳಿದ್ರೆ ಯಾರು ಕೇಳ್ತಿದ್ರು?" ಅಂದಳು.

ಎಂಜಲು ಕೊಟ್ಟು ಜೀನ್ ಪರೀಕ್ಷೆ ಮಾಡಿಸಬಹುದು. ಆದರೆ ನಿಮ್ಮ ಹೊಟ್ಟೆ ಎಷ್ಟು ಹಾಲನ್ನು ತಡೆಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಈ ಕಿಣ್ವ ಕಡಿಮೆಯಿದ್ದವರಲ್ಲೂ ಎಷ್ಟೋ ಜನ ಊಟದ ಜೊತೆ ಅರ್ಧ ಲೋಟ ಹಾಲು ಕುಡಿದು ಆರಾಮಾಗಿರುತ್ತಾರೆ. ಹಾಲಿನ ಅಲರ್ಜಿ ಮಾತ್ರ ಬೇರೆ. ಅದು ಹಾಲಿನ ಪ್ರೋಟೀನಿಗೆ ಮೈ ತಿರುಗಿಬೀಳುವುದು. ಮೈ ದದ್ದು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನನಗಿದ್ದ ದೊಡ್ಡ ಭಯ ಮೂಳೆಯದು. ಹಾಲು ಬಿಡಿಸಿ, ಬದಲಿಗೆ ಏನೂ ಕೊಡದಿದ್ದರೆ ಕ್ಯಾಲ್ಸಿಯಂ ಸಾಲದೆ ಮುಂದೆ ಮೂಳೆ ಸವೆಯಬಹುದು. ದಾರಿ ನಮ್ಮ ಅಡುಗೆಮನೆಯಲ್ಲೇ ಇತ್ತು. ಅತ್ತೆ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿಟ್ಟರೆ, ಬೆಳಗಾಗುವುದರೊಳಗೆ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಹುಳಿಯಾಗಿಸಿರುತ್ತವೆ. ಉಳಿದದ್ದನ್ನು ಅರಗಿಸಲೂ ಅವು ನೆರವಾಗುತ್ತವೆ. ಇನ್ನು 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ.

ಈಗ ಅದೇ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಕೊಡುತ್ತೇನೆ, ಈರುಳ್ಳಿ ಹೆಚ್ಚಿ ಹಾಕಿ. ನಿಂತಲ್ಲೇ ಕುಡಿದು ಸ್ಕೂಲಿಗೆ ಓಡುತ್ತಾಳೆ.