ಸರ್ವರ್ ದೋಷಗಳ ಇ-ಮೇಲ್ ಎಚ್ಚರಿಕೆ

ಸರ್ವರ್‌ನಲ್ಲಿ ನಡೆಯುತ್ತಿರುವ ತಂತ್ರಾಂಶದಲ್ಲಿ ದೋಷ ಸಂಭವಿಸಿದಾಗ ಅದರ ವಿವರವನ್ನು ನಿರ್ವಾಹಕರಿಗೆ ತಾನಾಗಿಯೇ ಇ-ಮೇಲ್ ಮೂಲಕ ತಿಳಿಸುವ ವ್ಯವಸ್ಥೆಯನ್ನು ದೋಷ ಎಚ್ಚರಿಕೆ ಎನ್ನುತ್ತಾರೆ. ಬಳಕೆದಾರರ ದೂರು ಬರುವ ಮೊದಲೇ ನಿರ್ವಾಹಕರಿಗೆ ವಿಷಯ ತಲುಪಬೇಕೆಂಬುದು ಇದರ ಉದ್ದೇಶ.

ಅಗತ್ಯ

‘ಸರ್ವರ್ ಡೌನ್’ ಎಂಬುದು ಕರ್ನಾಟಕದ ಕಚೇರಿಗಳಲ್ಲಿ ಕನ್ನಡದ್ದೇ ಮಾತಾಗಿಬಿಟ್ಟಿದೆ. ಭಟ್ಕಳ ತಾಲೂಕಿನ ಜಾಲಿಯ ನಿವಾಸಿಯೊಬ್ಬರು ಜಮೀನಿನ ಕ್ರಯಪತ್ರ ನೋಂದಾಯಿಸಲು ಹೋದರೆ, ಆ ಕೆಲಸ ನಡೆಯುವುದು 2023ರಲ್ಲಿ ಜಾರಿಗೆ ಬಂದ ಕಾವೇರಿ 2.0 ತಂತ್ರಾಂಶದ ಮೂಲಕ. ಅದು ಸ್ಥಗಿತಗೊಂಡರೆ ಭಟ್ಕಳ, ಹೊನ್ನಾವರ, ಕುಮಟಾ ಮಾತ್ರವಲ್ಲ, ರಾಜ್ಯದಾದ್ಯಂತ ನೋಂದಣಿ ನಿಲ್ಲುತ್ತದೆ. ಎದುರಿಗಿರುವ ಸಿಬ್ಬಂದಿಗೆ ಅದನ್ನು ಸರಿಪಡಿಸಲಾಗದು. ಸರಿಪಡಿಸಬಲ್ಲವರಿಗೆ ಸರತಿಯಲ್ಲಿ ನಿಂತ ಜನ ಕಾಣರು. ಈ ಅಂತರವನ್ನು ತುಂಬುವುದೇ ಎಚ್ಚರಿಕೆಯ ಕೆಲಸ.

ಹಿನ್ನೆಲೆ

ಎರಿಕ್ ಆಲ್ಮನ್ ಅವರು 1980ರ ದಶಕದಲ್ಲಿ ಸೆಂಡ್‌ಮೇಲ್ ತಂತ್ರಾಂಶಕ್ಕಾಗಿ ರೂಪಿಸಿದ ಸಿಸ್‌ಲಾಗ್ ಪದ್ಧತಿಯಲ್ಲಿ ಸಂದೇಶಗಳಿಗೆ ತೀವ್ರತೆಯ 8 ಹಂತಗಳಿವೆ. ‘ಎರರ್’ ಹಂತ ಹಾಗೂ ಅದಕ್ಕಿಂತ ತೀವ್ರವಾದವುಗಳಿಗೆ ಮಾತ್ರ ಇ-ಮೇಲ್ ಕಳುಹಿಸುವ ರೂಢಿ ಇಂತಹ ವಿಂಗಡಣೆಯನ್ನೇ ಆಧರಿಸಿದೆ. ಯುನಿಕ್ಸ್‌ನ ಕ್ರಾನ್ ಕೂಡ ತಾನು ನಡೆಸಿದ ಕೆಲಸದ ಫಲಿತಾಂಶವನ್ನು ಅಂಚೆಯಲ್ಲಿ ಕಳುಹಿಸುತ್ತದೆ.

ಜೋಡಣೆ

ಪೈಥಾನ್ ಭಾಷೆಯ ಜಾಂಗೋ ಚೌಕಟ್ಟು ಸುಲಭವಾದ ಉದಾಹರಣೆ. ‘ಅಡ್ಮಿನ್ಸ್’ ಪಟ್ಟಿಯಲ್ಲಿ ವಿಳಾಸಗಳನ್ನು ನೀಡಿ, ‘ಡಿಬಗ್’ ಆಯ್ಕೆಯನ್ನು ಸ್ಥಗಿತಗೊಳಿಸಿದರೆ, ಕೋರಿಕೆಯೊಂದು 500 ಸಂಖ್ಯೆಯ ಆಂತರಿಕ ದೋಷದಲ್ಲಿ ಕೊನೆಗೊಂಡಾಗ ಇ-ಮೇಲ್ ಹೊರಡುತ್ತದೆ. ದೋಷ ಹುಟ್ಟಿದ ಸಾಲು, ಅಲ್ಲಿಗೆ ಬಂದ ಹಾದಿ, ಕೋರಿಕೆಯ ವಿವರ ಅದರಲ್ಲಿರುತ್ತವೆ. ಜಾವಾದಲ್ಲಿ ಲಾಗ್‌ಬ್ಯಾಕ್‌ನ ಅಂಚೆ ಘಟಕವು ದೋಷಕ್ಕೆ ಮುಂಚಿನ ಕೆಲವು ದಾಖಲೆಗಳನ್ನೂ ಸೇರಿಸುವುದರಿಂದ ಕಾರಣ ಹುಡುಕುವುದು ಸುಲಭ.

ತೊಡಕು ಬರುವುದು ಸಾಮಾನ್ಯವಾಗಿ ಅಂಚೆಯ ಕಡೆಯಿಂದ. ಜಾಂಗೋದಲ್ಲಿ ಕಳುಹಿಸುವವರ ವಿಳಾಸ ಬದಲಿಸದಿದ್ದರೆ ಅದು ‘ರೂಟ್ ಅಟ್ ಲೋಕಲ್‌ಹೋಸ್ಟ್’ ಎಂದೇ ಉಳಿಯುತ್ತದೆ. ಇಂತಹ ಪತ್ರವನ್ನು ಹಲವು ಅಂಚೆ ಸೇವೆಗಳು ತಿರಸ್ಕರಿಸುತ್ತವೆ. ಅಮೆಜಾನ್, ಗೂಗಲ್ ಮುಂತಾದ ಕ್ಲೌಡ್ ಸೇವೆಗಳು 25ನೇ ಪೋರ್ಟನ್ನು ಮೊದಲಿನಿಂದಲೇ ನಿರ್ಬಂಧಿಸಿರುವುದರಿಂದ, ಗುಪ್ತಪದದೊಂದಿಗೆ 587ನೇ ಪೋರ್ಟ್ ಬಳಸುವುದು ವಾಡಿಕೆ. ಡೊಮೇನ್‌ಗೆ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆಗಳಿಲ್ಲದಿದ್ದರೆ ಎಚ್ಚರಿಕೆಯು ಸ್ಪ್ಯಾಮ್ ಪೆಟ್ಟಿಗೆ ಸೇರಬಹುದು. ಆದ್ದರಿಂದ ಜೋಡಣೆ ಮುಗಿದ ಮೇಲೆ ಉದ್ದೇಶಪೂರ್ವಕವಾಗಿ ಒಂದು ದೋಷ ಉಂಟುಮಾಡಿ, ಪತ್ರ ತಲುಪಿತೇ ಎಂದು ನೋಡಲೇಬೇಕು.

ಎಚ್ಚರಿಕೆಗಳ ಪ್ರವಾಹ

ಪ್ರತಿ ದೋಷಕ್ಕೂ ಒಂದು ಪತ್ರ ಎಂಬ ನಿಯಮವು ಶಾಂತ ದಿನಗಳಲ್ಲಷ್ಟೇ ಸರಿ. ಸೆಕೆಂಡಿಗೆ 10 ದೋಷಗಳಾದರೆ ಗಂಟೆಗೆ 36,000 ಪತ್ರಗಳಾಗುತ್ತವೆ. ಅಂಚೆ ಸೇವೆಯು ಖಾತೆಯನ್ನೇ ತಡೆಹಿಡಿಯಬಹುದು. 2025ರ ಜನವರಿಯಲ್ಲಿ ಕಾವೇರಿ 2.0 ಮೇಲೆ ನಡೆದ ದಾಳಿಯಲ್ಲಿ ನಕಲಿ ಖಾತೆಗಳಿಂದ ಋಣಭಾರ ಪ್ರಮಾಣಪತ್ರದ ಹುಡುಕಾಟಗಳನ್ನು ಭಾರೀ ಪ್ರಮಾಣದಲ್ಲಿ ನಡೆಸಿ ವ್ಯವಸ್ಥೆಯನ್ನು ಕುಂಠಿತಗೊಳಿಸಲಾಗಿತ್ತು. ಇಂತಹ ಹೊತ್ತಿನಲ್ಲಿ ನಿರ್ವಾಹಕರಿಗೆ ಬೇಕಾದುದು ಪ್ರತಿ ವಿಫಲ ಕೋರಿಕೆಯ ವಿವರವಲ್ಲ, ದೋಷದ ಪ್ರಮಾಣ ದಿಢೀರನೆ ಏರಿದೆ ಎಂಬ ಒಂದೇ ಸುದ್ದಿ. ಪ್ರೊಮಿಥಿಯಸ್‌ನ ಅಲರ್ಟ್‌ಮ್ಯಾನೇಜರ್ ಸಮಾನ ಎಚ್ಚರಿಕೆಗಳನ್ನು ಒಂದೇ ಪತ್ರವಾಗಿ ಗುಂಪುಗೂಡಿಸಿ, ಬದಲಿಸದಿದ್ದರೆ 4 ಗಂಟೆಗೊಮ್ಮೆ ಮಾತ್ರ ನೆನಪಿಸುತ್ತದೆ. ಸೆಂಟ್ರಿ ಕೂಡ ಒಂದೇ ಬಗೆಯ ದೋಷಗಳನ್ನು ಒಟ್ಟುಗೂಡಿಸುತ್ತದೆ.

ಮಿತಿ

ವಿದ್ಯುತ್ ಕಡಿತದಿಂದ ನಿಂತ ಸರ್ವರ್ ತನ್ನ ಸಾವಿನ ಸುದ್ದಿಯನ್ನು ತಾನೇ ಕಳುಹಿಸಲಾರದು. ಇ-ಮೇಲ್ ಬಾರದಿರುವುದನ್ನು ಆರೋಗ್ಯದ ಲಕ್ಷಣವೆಂದು ತಿಳಿಯುವುದು ಇಲ್ಲಿನ ದೊಡ್ಡ ಅಪಾಯ. ಹೀಗಾಗಿ ಬೇರೆ ಸ್ಥಳದ, ಬೇರೆ ಸಂಪರ್ಕದ ಯಂತ್ರವೊಂದು ಸರ್ವರನ್ನು ನಿಯತವಾಗಿ ಪರೀಕ್ಷಿಸಿ, ಉತ್ತರ ಬಾರದಾಗ ಎಚ್ಚರಿಸುವಂತೆ ಏರ್ಪಡಿಸುತ್ತಾರೆ. ರಾತ್ರಿಯ ತುರ್ತಿಗೆ ಇ-ಮೇಲ್ ಸಾಲದು. ದೂರವಾಣಿ ಕರೆ ಅಥವಾ ಎಸ್ಎಂಎಸ್ ಜೊತೆಗಿರುವುದು ಒಳ್ಳೆಯದು.

ಗೋಪ್ಯತೆ

ದೋಷದ ವರದಿಯೊಳಗೆ ಆಧಾರ್ ಸಂಖ್ಯೆ, ಗುಪ್ತಪದ, ಆಸ್ತಿಯ ವಿವರಗಳು ಸೇರಿಕೊಳ್ಳಬಹುದು. ಜಾಂಗೋ ಕೆಲವು ಹೆಸರಿನ ಸೆಟ್ಟಿಂಗ್‌ಗಳನ್ನು ನಕ್ಷತ್ರ ಚಿಹ್ನೆಗಳಿಂದ ಮರೆಮಾಡುತ್ತದೆ. ಉಳಿದವನ್ನು ತಂತ್ರಾಂಶ ಬರೆದವರೇ ಮರೆಮಾಡಬೇಕು. ಪೂರ್ಣ ವಿವರವನ್ನು ಸರ್ವರ್‌ನ ಲಾಗ್ ಕಡತದಲ್ಲಿಟ್ಟು, ಪತ್ರದಲ್ಲಿ ಗುರುತು ಸಂಖ್ಯೆಯನ್ನಷ್ಟೇ ಕಳುಹಿಸುವುದು ಹೆಚ್ಚು ಸುರಕ್ಷಿತ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಉಳಿಸಬೇಕು, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.